ಪಠ್ಯದೊಳಗೆ ಚಿತ್ರ: ಕಲ್ಲಿನಿಂದ ಕಡತದವರೆಗೆ

ರಾಯಚೂರಿನ ಕೋಟೆಯನ್ನು ನೀವು ನೋಡಿದ್ದೀರಾ? ನೋಡಿಲ್ಲವಾದರೆ ಮುಂದಿನ ಸಲ ಆ ಊರಿಗೆ ಹೋದಾಗ ಒಂದು ಗಂಟೆ ಬಿಡುವು ಮಾಡಿಕೊಳ್ಳಿ. ಕೋಟೆಯ ಗೋಡೆಯಲ್ಲಿ ಸುಮಾರು 41 ಅಡಿ ಉದ್ದದ, ಅಂದರೆ 12 ಮೀಟರಿಗೂ ಮಿಕ್ಕಿದ, ಒಂದೇ ಕಲ್ಲಿದೆ. ಕಾಕತೀಯರ ಕಾಲದಲ್ಲಿ, 1294ರಲ್ಲಿ, ಕೋಟೆ ಕಟ್ಟಿದ ಸಂಗತಿಯನ್ನು ತಿಳಿಸುವ ಶಾಸನ ಅದರ ಮೇಲಿದೆ. ಆ ಶಾಸನದ ಬಳಿಯಲ್ಲೇ ಒಂದು ಚಿತ್ರವನ್ನೂ ಕೊರೆದಿದ್ದಾರೆ. ಭಾರಿ ಕಲ್ಲನ್ನು ಗಟ್ಟಿ ಗಾಲಿಗಳ ಬಂಡಿಯ ಮೇಲೆ ಹೇರಿದ್ದಾರೆ. ಕೋಣಗಳ ಉದ್ದನೆಯ ಸಾಲು ಅದನ್ನು ಎಳೆಯುತ್ತಿದೆ. ಆಳುಗಳು ಗಾಲಿಗಳಿಗೆ ಸನ್ನೆಗೋಲು ಕೊಟ್ಟು ನೂಕುತ್ತಿದ್ದಾರೆ.

ಭೌತವಿಜ್ಞಾನದ ಮೇಷ್ಟ್ರಿಗೆ ಇದಕ್ಕಿಂತ ಒಳ್ಳೆಯ ಪಾಠೋಪಕರಣ ಬೇಕೇ? ಸನ್ನೆಕೋಲು, ಗಾಲಿ, ಘರ್ಷಣೆ ಎಲ್ಲವೂ ಅಲ್ಲಿವೆ. ಆದರೆ ಈ ಲೇಖನದಲ್ಲಿ ನಾನು ಹೇಳಹೊರಟಿರುವುದು ಬೇರೆ ಸಂಗತಿ. ಆ ಕಲ್ಲಿನ ಸಾಗಣೆ ಹೇಗಾಯಿತೆಂಬುದನ್ನು ನಮಗೆ ಕಣ್ಣಿಗೆ ಕಟ್ಟುವಂತೆ ತೋರಿಸುವುದು ಅಕ್ಷರವಲ್ಲ, ಚಿತ್ರ. ಬರಹ ಹೇಳಲಾಗದ್ದನ್ನು ಚಿತ್ರ ಹೇಳುತ್ತದೆ, ಚಿತ್ರ ಹೇಳಲಾಗದ ಹೆಸರು ಮತ್ತು ಕಾಲವನ್ನು ಬರಹ ಹೇಳುತ್ತದೆ. ಎರಡೂ ಅಕ್ಕಪಕ್ಕದಲ್ಲಿದ್ದರೆ ಮಾತ್ರ ಓದುಗನಿಗೆ ಪೂರ್ಣ ಅರ್ಥ ಸಿಗುತ್ತದೆ.

ಇಂದು ನೀವು ಕೈಗೆತ್ತಿಕೊಳ್ಳುವ ಯಾವುದೇ ವಿಜ್ಞಾನ ಪಠ್ಯಪುಸ್ತಕದಲ್ಲಿ ಪುಟಕ್ಕೊಂದಾದರೂ ಚಿತ್ರ ಇರುತ್ತದೆ. ಅದು ಆ ಪುಟದೊಳಕ್ಕೆ ಹೇಗೆ ಬಂತು ಎಂದು ಎಂದಾದರೂ ಯೋಚಿಸಿದ್ದೀರಾ? ಬರಹವನ್ನು ಬರೆಯುವವರು ಒಬ್ಬರು, ಚಿತ್ರ ಬಿಡಿಸುವವರು ಇನ್ನೊಬ್ಬರು. ಇಬ್ಬರ ಉಪಕರಣಗಳೂ ಬೇರೆ ಬೇರೆ. ಬೇರೆ ಬೇರೆ ಕಡೆ ಹುಟ್ಟಿದ ಇವೆರಡನ್ನು ಒಂದೇ ಪುಟದಲ್ಲಿ ಕೂಡಿಸುವುದು ಮುದ್ರಣದ ಇತಿಹಾಸದುದ್ದಕ್ಕೂ ಕಾಡಿದ ಸಮಸ್ಯೆ. ಅದಕ್ಕೆ ಕಂಡುಕೊಂಡ ಪರಿಹಾರಗಳನ್ನು ಒಂದೊಂದಾಗಿ ನೋಡೋಣ. ಕೊನೆಯಲ್ಲಿ ಬರುವ ಪರಿಹಾರ ಕನ್ನಡದ ವಿಜ್ಞಾನ ಶಿಕ್ಷಕರಿಗೆ ಏಕೆ ಮುಖ್ಯ ಎಂಬುದು ಆಗ ಸ್ಪಷ್ಟವಾಗುತ್ತದೆ.

ಕಲ್ಲಚ್ಚು: ಅಕ್ಷರ, ಚಿತ್ರ ಎರಡೂ ಒಂದೇ

18ನೇ ಶತಮಾನದ ಕೊನೆಯಲ್ಲಿ ಬವೇರಿಯದ ಅಲೋಯಿಸ್ ಸೆನೆಫೆಲ್ಡರ್ ಎಂಬಾತ ಕಲ್ಲಚ್ಚಿನ ವಿಧಾನವನ್ನು ಕಂಡುಹಿಡಿದ. ಇದರ ತತ್ವ ಸರಳ. ಎಣ್ಣೆ ಮತ್ತು ನೀರು ಬೆರೆಯುವುದಿಲ್ಲ. ನಯವಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಶಾಯಿಯಿಂದ ಬರೆದು, ಕಲ್ಲನ್ನು ಒದ್ದೆಮಾಡಿ, ಮೇಲೆ ಮುದ್ರಣದ ಶಾಯಿ ಉರುಳಿಸಿದರೆ ಬರೆದ ಗೆರೆಗಳಿಗೆ ಮಾತ್ರ ಶಾಯಿ ಹಿಡಿಯುತ್ತದೆ. ಉಳಿದ ಒದ್ದೆ ಭಾಗಕ್ಕೆ ಹಿಡಿಯುವುದಿಲ್ಲ.

ಬಾಸೆಲ್ ಮಿಷನ್ನಿನವರು 1841ರಲ್ಲಿ ಮಂಗಳೂರಿನಲ್ಲಿ ಆರಂಭಿಸಿದ್ದು ಇಂಥ ಕಲ್ಲಚ್ಚಿನ ಮುದ್ರಣಾಲಯವನ್ನೇ. ಹರ್ಮನ್ ಮೊಗ್ಲಿಂಗ್ ಅವರು 1843ರ ಜುಲೈ 1ರಂದು ಹೊರತಂದ 'ಮಂಗಳೂರ ಸಮಾಚಾರ', ಅಂದರೆ ಕನ್ನಡದ ಮೊದಲ ಪತ್ರಿಕೆ, ಕಲ್ಲಚ್ಚಿನಲ್ಲೇ ಮುದ್ರಣವಾಯಿತು.

ಕಲ್ಲಚ್ಚಿನಲ್ಲಿ ಚಿತ್ರವನ್ನು ಪಠ್ಯದೊಳಕ್ಕೆ ಸೇರಿಸುವ ಪ್ರಶ್ನೆಯೇ ಇಲ್ಲ. ಕಲ್ಲಿಗೆ ಅಕ್ಷರವೂ ಗೆರೆಯೇ, ಚಿತ್ರವೂ ಗೆರೆಯೇ. ಕನ್ನಡದ ಒತ್ತಕ್ಷರಗಳನ್ನು ಬರೆಯುವುದಕ್ಕೂ ಅಡ್ಡಿಯಿಲ್ಲ. ಆದರೆ ಒಂದು ಅಕ್ಷರ ತಪ್ಪಿದರೆ? ಕಲ್ಲಿನ ಆ ಭಾಗವನ್ನು ಕೆರೆದು ಮತ್ತೆ ಬರೆಯಬೇಕು. ಒಂದು ಸಾಲು ಹೆಚ್ಚಾದರೆ ಕೆಳಗಿನದೆಲ್ಲವನ್ನೂ ಹೊಸದಾಗಿ ಬರೆಯಬೇಕು. ಮುದ್ರಣ ಮುಗಿದ ಮೇಲೆ ಅದೇ ಕಲ್ಲನ್ನು ಉಜ್ಜಿ ಬೇರೆ ಪುಟಕ್ಕೆ ಬಳಸುತ್ತಿದ್ದರು. ಹೀಗಾಗಿ ಚಿತ್ರವೂ ಅಳಿಸಿಹೋಗುತ್ತಿತ್ತು. 'ಮಂಗಳೂರ ಸಮಾಚಾರ' 1844ರಲ್ಲಿ ಬಳ್ಳಾರಿಗೆ ಸ್ಥಳಾಂತರವಾಯಿತು. ಅಲ್ಲಿ ಕನ್ನಡದ ಅಚ್ಚುಮೊಳೆಗಳಿದ್ದವು.

ಅಚ್ಚುಮೊಳೆ ಮತ್ತು ಬ್ಲಾಕು

ಅಚ್ಚುಮೊಳೆ ಬಂದಾಗ ಬರಹ ಮತ್ತು ಚಿತ್ರದ ದಾರಿಗಳು ಬೇರೆಯಾದವು. ಬರಹವನ್ನು ಮೊಳೆ ಜೋಡಿಸುವವರು ಅಕ್ಷರ ಅಕ್ಷರವಾಗಿ ಕಟ್ಟುತ್ತಿದ್ದರು. ಚಿತ್ರವನ್ನು ಮೊದಮೊದಲು ಮರದ ಮೇಲೆ ಕೆತ್ತುತ್ತಿದ್ದರು. ಆಮೇಲೆ ಸತುವಿನ ಹಾಳೆಯ ಮೇಲೆ ಛಾಯಾಚಿತ್ರದ ವಿಧಾನದಿಂದ ಮೂಡಿಸಿ, ಬೇಡವಾದ ಭಾಗವನ್ನು ಆಮ್ಲದಿಂದ ಕರಗಿಸಿ, ಮರದ ತುಂಡಿನ ಮೇಲೆ ಮೊಳೆ ಹೊಡೆದು ಕೂರಿಸುತ್ತಿದ್ದರು. ಇದೇ ಬ್ಲಾಕು. ಗೆರೆಚಿತ್ರಕ್ಕೆ ಲೈನ್ ಬ್ಲಾಕು, ಛಾಯಾಚಿತ್ರಕ್ಕೆ ಚುಕ್ಕೆಗಳಿಂದಾದ ಹಾಫ್‌ಟೋನ್ ಬ್ಲಾಕು.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಇಂಗ್ಲಿಷ್ ಅಳತೆಯ ಯಂತ್ರಗಳಲ್ಲಿ ಅಚ್ಚುಮೊಳೆಯ ಎತ್ತರ 0.918 ಅಂಗುಲ, ಅಂದರೆ ಸುಮಾರು 23.3 ಮಿಲಿಮೀಟರ್. ಬ್ಲಾಕಿನ ಎತ್ತರವೂ ಅಷ್ಟೇ ಇರಬೇಕು. ಇಲ್ಲವಾದರೆ ಕಾಗದ ಒತ್ತಿದಾಗ ಒಂದು ಮೂಡಿ ಇನ್ನೊಂದು ಮೂಡದು. ಎತ್ತರ ಸರಿಯಿದ್ದರೆ ಮೊಳೆ ಜೋಡಿಸುವವರಿಗೆ ಬ್ಲಾಕಿನ ಉದ್ದ ಅಗಲ ಗೊತ್ತಿದ್ದರೆ ಸಾಕು. ಅದರೊಳಗೆ ಕಪ್ಪೆಯ ಹೃದಯವಿದೆಯೋ ಉಗಿಯಂತ್ರವಿದೆಯೋ ಅವರಿಗೆ ಬೇಕಿಲ್ಲ. ಅಷ್ಟು ಜಾಗ ಬಿಟ್ಟು ಸುತ್ತ ಮೊಳೆ ಜೋಡಿಸುತ್ತಾರೆ. 'ಒಳಗೇನಿದೆ ಎಂದು ಕೇಳಬೇಡ, ಎಷ್ಟು ಜಾಗ ಬೇಕು ಎಂದಷ್ಟೇ ಕೇಳು' ಎಂಬ ಈ ನಿಯಮವನ್ನು ನೆನಪಿಡಿ. ಗಣಕಯುಗದಲ್ಲಿ ಇದೇ ಮತ್ತೆ ಬರುತ್ತದೆ.

ಛಾಯಾಚಿತ್ರ ಚೆನ್ನಾಗಿ ಮೂಡಬೇಕಾದರೆ ನಯವಾದ ಕಾಗದ ಬೇಕಿತ್ತು. ಆದ್ದರಿಂದ ಅಂಥ ಚಿತ್ರಗಳನ್ನು ಪ್ರತ್ಯೇಕವಾಗಿ ಮುದ್ರಿಸಿ, ಪುಸ್ತಕ ಹೊಲಿಯುವಾಗ ನಡುವೆಯೋ ಕೊನೆಯಲ್ಲೋ ಸೇರಿಸುತ್ತಿದ್ದರು. ಇವಕ್ಕೆ ಪ್ಲೇಟುಗಳೆಂದು ಹೆಸರು. 1915ರಲ್ಲಿ ಸಿ. ಬೀಡನ್ ಎಂಬ ಗಣಿ ಎಂಜಿನಿಯರು ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಅಶೋಕನ ಶಾಸನವನ್ನು ಕಂಡದ್ದು ನಿಮಗೆ ಗೊತ್ತಿರಬಹುದು. ಅಶೋಕ ಎಂಬ ಹೆಸರನ್ನೇ ಹೇಳುವ ಶಾಸನವಾದ್ದರಿಂದ ಅದು ಪ್ರಸಿದ್ಧವಾಯಿತು. ಶಾಸನಗಳ ವಿಷಯದಲ್ಲಿ ವಿದ್ವಾಂಸರು ತಮ್ಮ ಓದನ್ನು ಮೊಳೆಯಲ್ಲಿ ಅಚ್ಚುಮಾಡಿಸಿ, ಕಲ್ಲಿನಿಂದ ತೆಗೆದ ಪಡಿಯಚ್ಚಿನ ಚಿತ್ರವನ್ನು ಪ್ಲೇಟಿನಲ್ಲಿ ಕೊಡುತ್ತಾರೆ. ಅಲ್ಲಿ ಚಿತ್ರ ಅಲಂಕಾರವಲ್ಲ, ಸಾಕ್ಷ್ಯ. ಓದುಗ ಎರಡನ್ನೂ ಹೋಲಿಸಿ ವಿದ್ವಾಂಸನ ಓದು ಸರಿಯೋ ತಪ್ಪೋ ನೋಡಬಹುದು. ಆದರೆ ಪ್ಲೇಟು ಕಳಚಿಹೋದರೆ ಸಾಕ್ಷ್ಯವೂ ಹೋಯಿತು!

ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ ಅವರು 1918ರಲ್ಲಿ ಬೆಂಗಳೂರಿನಿಂದ 'ವಿಜ್ಞಾನ' ಮಾಸಪತ್ರಿಕೆಯನ್ನು ಆರಂಭಿಸಿದ್ದು ಈ ಮೊಳೆ ಮತ್ತು ಬ್ಲಾಕಿನ ಕಾಲದಲ್ಲೇ. ವಿಜ್ಞಾನವನ್ನು ಕನ್ನಡದಲ್ಲಿ ಹೇಳಲು ಅವರು ಪದಗಳನ್ನೇ ಹೊಸದಾಗಿ ರೂಪಿಸಬೇಕಿತ್ತು. ಹೊಸ ಪದ ಬಂದರೆ ಬರಹದಲ್ಲಿ ಮೊಳೆ ಬದಲಿಸಬಹುದು. ಬ್ಲಾಕಿನೊಳಗಿರುವ ಲೇಬಲ್ ಬದಲಿಸುವುದು ಹೇಗೆ? ಲೇಬಲ್ ಕೂಡ ಲೋಹದಲ್ಲೇ ಕೊರೆದಿರುತ್ತದೆ. ಮತ್ತೊಂದು ಬ್ಲಾಕು ಮಾಡಿಸಬೇಕು, ಮತ್ತೆ ಹಣ ಕೊಡಬೇಕು. ಸುಲಭದ ದಾರಿ ಎಂದರೆ ಇದ್ದ ಬ್ಲಾಕನ್ನೇ ಬಳಸುವುದು. ಬರಹ ಕನ್ನಡದಲ್ಲಿದ್ದರೂ ಚಿತ್ರದೊಳಗಿನ ಹೆಸರುಗಳು ಇಂಗ್ಲಿಷಿನಲ್ಲೇ ಇರುವ ಪುಸ್ತಕಗಳನ್ನು ನಾವೆಲ್ಲರೂ ಓದಿ ಬೆಳೆದಿದ್ದೇವೆ, ಅಲ್ಲವೇ?

ಟೆಕ್: ಮತ್ತೆ ಬಂದ ಖಾಲಿ ಪೆಟ್ಟಿಗೆ

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಡೊನಾಲ್ಡ್ ಕನೂತ್ 1977ರಲ್ಲಿ ತಮ್ಮ ಗ್ರಂಥದ ಎರಡನೇ ಸಂಪುಟದ ಹೊಸ ಆವೃತ್ತಿಯ ಕರಡಚ್ಚನ್ನು ನೋಡಿ ಬೇಸರಗೊಂಡರು. ಗಣಿತದ ಸಮೀಕರಣಗಳು ಹಳೆಯ ಮೊಳೆ ಅಚ್ಚಿನಷ್ಟು ಚೆನ್ನಾಗಿ ಮೂಡಿರಲಿಲ್ಲ. ಅಕ್ಷರಜೋಡಣೆಗೆ ತಾವೇ ಒಂದು ತಂತ್ರಾಂಶ ಬರೆಯಲು ನಿರ್ಧರಿಸಿದರು. ಅದೇ ಟೆಕ್. ಗ್ರೀಕ್ ಭಾಷೆಯಲ್ಲಿ ಕಲೆ, ಕುಶಲತೆ ಎಂಬರ್ಥದ ಪದದಿಂದ ಬಂದ ಹೆಸರು. ಅದರ ಆವೃತ್ತಿ ಸಂಖ್ಯೆ ಪ್ರತಿ ತಿದ್ದುಪಡಿಯಲ್ಲೂ ಪೈ ಬೆಲೆಗೆ ಒಂದೊಂದು ಅಂಕಿ ಹತ್ತಿರವಾಗುತ್ತದೆ. 2021ರ ಆವೃತ್ತಿ 3.141592653.

ಟೆಕ್ ಪುಟವನ್ನು ಹೇಗೆ ಕಟ್ಟುತ್ತದೆ? ಅದಕ್ಕೆ ಪ್ರತಿ ಅಕ್ಷರವೂ ಒಂದು ಪೆಟ್ಟಿಗೆ. ಅಗಲ, ಗೆರೆಯ ಮೇಲಿನ ಎತ್ತರ, ಗೆರೆಯ ಕೆಳಗಿನ ಆಳ ಎಂಬ ಮೂರೇ ಅಳತೆಗಳು ಅದಕ್ಕೆ ಗೊತ್ತು. ಅಕ್ಷರಗಳ ಪೆಟ್ಟಿಗೆಗಳು ಸೇರಿ ಸಾಲು, ಸಾಲುಗಳು ಸೇರಿ ಪುಟ. ಅಕ್ಷರದ ಆಕಾರ ಹೇಗಿದೆ ಎಂದು ಟೆಕ್ ನೋಡುವುದೇ ಇಲ್ಲ. ಅಚ್ಚುಮೊಳೆ ಜೋಡಿಸುವವರ ನಿಯಮವೇ ಇದು!

ಚಿತ್ರದ ವಿಷಯದಲ್ಲೂ ಕನೂತ್ ಇದೇ ದಾರಿ ಹಿಡಿದರು. ಟೆಕ್‌ಗೆ ಚಿತ್ರ ಬಿಡಿಸಲು ಬರುವುದಿಲ್ಲ. ಅದರ ಬದಲು 'ಸ್ಪೆಷಲ್' ಎಂಬ ಒಂದು ಆಜ್ಞೆಯನ್ನು ಕೊಟ್ಟರು. ಇದು ಮುಚ್ಚಿದ ಲಕೋಟೆಯ ಹಾಗೆ. ಒಳಗೆ ಬರೆದದ್ದನ್ನು ಟೆಕ್ ಓದುವುದಿಲ್ಲ. ಹಾಗೆಯೇ ಮುಂದಿನ ಹಂತದ ತಂತ್ರಾಂಶಕ್ಕೆ, ಅಂದರೆ ಮುದ್ರಕವನ್ನು ನಡೆಸುವ ಚಾಲಕ ತಂತ್ರಾಂಶಕ್ಕೆ, ದಾಟಿಸುತ್ತದೆ. 'ಇಲ್ಲಿ ಇಂಥ ಕಡತದಲ್ಲಿರುವ ಚಿತ್ರವನ್ನು ಇಡು' ಎಂದು ಆ ಲಕೋಟೆಯಲ್ಲಿ ಬರೆದಿದ್ದರೆ ಚಾಲಕ ಅದನ್ನು ಪಾಲಿಸುತ್ತದೆ.

ಲೆಸ್ಲಿ ಲ್ಯಾಂಪೋರ್ಟ್ 1980ರ ದಶಕದ ಮಧ್ಯದಲ್ಲಿ ಟೆಕ್ ಮೇಲೆ ಕಟ್ಟಿದ ಲೇಟೆಕ್‌ನಲ್ಲಿ ಚಿತ್ರ ಬಿಡಿಸುವ ಒಂದು ಸಣ್ಣ ಏರ್ಪಾಡು ಇತ್ತು. ಆದರೆ ಗೆರೆಗಳ ಓಟಕ್ಕೆ ಮಿತಿಯಿತ್ತು. ಅಡ್ಡ ಮತ್ತು ಲಂಬ ಅಳತೆಗಳ ಅನುಪಾತವನ್ನು 6ಕ್ಕೆ ಮೀರದ ಪೂರ್ಣಾಂಕಗಳಲ್ಲೇ ಹೇಳಬೇಕಿತ್ತು. ಇದರಿಂದ ಏನು ತೊಂದರೆ? ಲೆಕ್ಕ ಮಾಡಿ ನೋಡೋಣ. ಬೆಳಕಿನ ಕಿರಣ 30 ಡಿಗ್ರಿ ಪತನ ಕೋನದಲ್ಲಿ ಗಾಜಿನ ಮೇಲೆ ಬೀಳುತ್ತದೆ ಎನ್ನಿ. ಗಾಜಿನ ವಕ್ರೀಭವನ ಸೂಚ್ಯಂಕ 1.5 ಆದರೆ ವಕ್ರೀಭವನ ಕೋನ 19.47 ಡಿಗ್ರಿ. ಆ ಏರ್ಪಾಡಿನಲ್ಲಿ ಇವೆರಡೂ ಕೋನಗಳು ಸಿಗುವುದಿಲ್ಲ. 30ಕ್ಕೆ ತೀರ ಸಮೀಪದ್ದು 3:5 ಅನುಪಾತದ 30.96 ಡಿಗ್ರಿ. 19.47ಕ್ಕೆ ಸಮೀಪದ್ದು 1:3 ಅನುಪಾತದ 18.43 ಡಿಗ್ರಿ. ಹೀಗೆ ಬಿಡಿಸಿದ ಚಿತ್ರವನ್ನು ವಿದ್ಯಾರ್ಥಿಯೊಬ್ಬ ಕೋನಮಾಪಕ ಇಟ್ಟು ಅಳೆದರೆ ಅವನಿಗೆ ಸಿಗುವ ಸೂಚ್ಯಂಕ 1.63! ಚಿತ್ರ ಸ್ನೆಲ್‌ನ ನಿಯಮವನ್ನು ತೋರಿಸಲು ಬಂದು ಬೇರೊಂದು ಗಾಜನ್ನು ತೋರಿಸಿತು.

ಈ ಕಾರಣಕ್ಕೆ ಆ ದಿನಗಳಲ್ಲಿ ಚಿತ್ರಗಳನ್ನು ಹೊರಗೆ ಕೈಯಲ್ಲಿ ಬಿಡಿಸುವುದೇ ರೂಢಿ. ನಾನು ಸಂಶೋಧನಾ ವಿದ್ಯಾರ್ಥಿಯಾಗಿದ್ದ 1990ರ ದಶಕದಲ್ಲೂ ನಮ್ಮಲ್ಲಿ ಅನೇಕರು ಪ್ರಬಂಧದ ಪುಟದಲ್ಲಿ ಲೆಕ್ಕಹಾಕಿ ಖಾಲಿ ಜಾಗ ಬಿಟ್ಟು, ಟ್ರೇಸಿಂಗ್ ಕಾಗದದ ಮೇಲೆ ಬಿಡಿಸಿದ ನಕ್ಷೆಯನ್ನು ಕತ್ತರಿಸಿ ಅಂಟಿಸಿ, ನಂತರ ಜೆರಾಕ್ಸ್ ಮಾಡಿಸುತ್ತಿದ್ದೆವು. ಪಾಲ್ ಗಿನ್ಸ್‌ಪರ್ಗ್ 1991ರಲ್ಲಿ ಭೌತವಿಜ್ಞಾನದ ಲೇಖನಗಳಿಗಾಗಿ ಆರಂಭಿಸಿದ ವಿದ್ಯುನ್ಮಾನ ಸಂಗ್ರಹದ (ಇಂದಿನ ಆರ್ಕೈವ್) ಮೊದಲ ವರ್ಷಗಳ ಎಷ್ಟೋ ಲೇಖನಗಳಲ್ಲಿ 'ಚಿತ್ರಗಳು ಬೇಕಾದವರು ಲೇಖಕರನ್ನು ಕೇಳಿ ಪಡೆಯಬಹುದು' ಎಂಬ ಸೂಚನೆ ಇರುತ್ತಿತ್ತು. ಟೆಕ್‌ನಲ್ಲಿ ಬರೆದ ಪಠ್ಯ ಕ್ಷಣದಲ್ಲಿ ಭೂಮಿಯ ಇನ್ನೊಂದು ಮೂಲೆ ತಲುಪುತ್ತಿತ್ತು. ಚಿತ್ರ ಅಂಚೆಯಲ್ಲಿ ಹೋಗಬೇಕಿತ್ತು. ಆ ಲೇಖನಗಳ ಪಠ್ಯ ಇಂದಿಗೂ ಓದಲು ಸಿಗುತ್ತದೆ. ಸಂಗ್ರಹಕ್ಕೆ ಸೇರದ ಆ ಚಿತ್ರಗಳನ್ನು ಇಂದು ಯಾರನ್ನು ಕೇಳುವುದು?

ಚಿತ್ರವೂ ಒಂದು ಬರಹ

ಚಿತ್ರವನ್ನು ಮಾತಿನಲ್ಲೇ ಬರೆದರೆ ಹೇಗೆ ಎಂಬ ಯೋಚನೆ ಅಷ್ಟರಲ್ಲಾಗಲೇ ಹುಟ್ಟಿತ್ತು. ಅಮೆರಿಕದ ಬೆಲ್ ಪ್ರಯೋಗಾಲಯದ ಬ್ರಯಾನ್ ಕರ್ನಿಘನ್ 1980ರ ದಶಕದ ಆರಂಭದಲ್ಲಿ 'ಪಿಕ್' ಎಂಬ ಪುಟ್ಟ ಭಾಷೆಯನ್ನು ರೂಪಿಸಿದರು. 'ಒಂದು ಪೆಟ್ಟಿಗೆ, ಅದರಿಂದ ಬಲಕ್ಕೆ ಒಂದು ಬಾಣ, ಅದರ ತುದಿಯಲ್ಲಿ ಒಂದು ವೃತ್ತ' ಎಂದು ಬರೆದರೆ ಚಿತ್ರ ಸಿದ್ಧ. 1984ರಲ್ಲಿ ಅಡೋಬ್ ಸಂಸ್ಥೆ ಪೋಸ್ಟ್‌ಸ್ಕ್ರಿಪ್ಟ್ ಎಂಬ ಪುಟವರ್ಣನೆಯ ಭಾಷೆಯನ್ನು ತಂದಿತು. ಇದರಲ್ಲಿ ಬರೆದ ಚಿತ್ರ ಚುಕ್ಕೆಗಳ ರಾಶಿಯಲ್ಲ. 'ಈ ಬಿಂದುವಿನಿಂದ ಆ ಬಿಂದುವಿಗೆ ಗೆರೆ ಎಳೆ' ಎಂಬ ಆಜ್ಞೆಗಳ ಪಟ್ಟಿ. ಎಷ್ಟು ದೊಡ್ಡದು ಮಾಡಿದರೂ ಗೆರೆಯ ಅಂಚು ಒರಟಾಗುವುದಿಲ್ಲ.

ಇಂಥ ಚಿತ್ರವನ್ನು ಬೇರೊಂದು ದಾಖಲೆಯೊಳಗೆ ಕೂರಿಸಲು ಮಾಡಿಕೊಂಡ ರೂಪ ಇಪಿಎಸ್. ಇದರ ಆರಂಭದಲ್ಲಿ ಆವರಣ ಚೌಕ ಎಂಬ ಒಂದು ಸಾಲು ಇರುತ್ತದೆ. ಅದರಲ್ಲಿ ನಾಲ್ಕು ಸಂಖ್ಯೆಗಳು: ಚಿತ್ರದ ಕೆಳಗಿನ ಎಡಮೂಲೆ ಮತ್ತು ಮೇಲಿನ ಬಲಮೂಲೆಯ ನಿರ್ದೇಶಾಂಕಗಳು. ಟೆಕ್‌ಗೆ ಬೇಕಾದದ್ದು ಇಷ್ಟೇ! ನಾಲ್ಕು ಸಂಖ್ಯೆಗಳನ್ನು ಓದಿ ಅಷ್ಟು ಜಾಗ ಬಿಡುತ್ತದೆ. ಉಳಿದ ಕೆಲಸವನ್ನು 'ಸ್ಪೆಷಲ್' ಲಕೋಟೆಯ ಮೂಲಕ ಟಾಮ್ ರೊಕಿಕಿ ಬರೆದ ಡಿವಿಪಿಎಸ್‌ನಂಥ ಚಾಲಕ ತಂತ್ರಾಂಶಕ್ಕೆ ಬಿಡುತ್ತದೆ. ಇಲ್ಲಿ ಅಳತೆಯದೊಂದು ಸೂಕ್ಷ್ಮವಿದೆ. ಪೋಸ್ಟ್‌ಸ್ಕ್ರಿಪ್ಟಿನ ಪಾಯಿಂಟ್ ಒಂದು ಅಂಗುಲದ 72ನೇ ಒಂದು ಭಾಗ. ಟೆಕ್‌ನ ಪಾಯಿಂಟ್ 72.27ನೇ ಒಂದು ಭಾಗ. ಎರಡನ್ನೂ ಒಂದೇ ಎಂದು ಎಣಿಸಿದರೆ 10 ಸೆಂಟಿಮೀಟರ್ ಅಗಲದ ಚಿತ್ರದಲ್ಲಿ ಸುಮಾರು 0.4 ಮಿಲಿಮೀಟರ್ ವ್ಯತ್ಯಾಸ ಬರುತ್ತದೆ. ಅದಕ್ಕೇ ಟೆಕ್‌ನಲ್ಲಿ ದೊಡ್ಡ ಪಾಯಿಂಟ್ ಎಂಬ ಪ್ರತ್ಯೇಕ ಮಾನವೂ ಇದೆ.

ಆದರೆ ಒಂದೊಂದು ಚಾಲಕದ 'ಸ್ಪೆಷಲ್' ಒಂದೊಂದು ಬಗೆ. ಒಬ್ಬರ ಗಣಕದಲ್ಲಿ ಸರಿಯಾಗಿ ಬಂದ ಚಿತ್ರ ಇನ್ನೊಬ್ಬರಲ್ಲಿ ಬರುತ್ತಿರಲಿಲ್ಲ. 1994ರಲ್ಲಿ ಲೇಟೆಕ್‌ನ ಹೊಸ ಆವೃತ್ತಿ ಬಂದಾಗ ಡೇವಿಡ್ ಕಾರ್ಲೈಲ್ ಮತ್ತು ಸೆಬಾಸ್ಟಿಯನ್ ರಾಟ್ಜ್ ಅವರ ಗ್ರಾಫಿಕ್ಸ್ ಪ್ಯಾಕೇಜು ಈ ಗೊಂದಲಕ್ಕೆ ತೆರೆ ಎಳೆಯಿತು. 'ಇನ್‌ಕ್ಲೂಡ್‌ಗ್ರಾಫಿಕ್ಸ್' ಎಂಬ ಒಂದೇ ಆಜ್ಞೆ, ಅದರ ಮುಂದೆ ಕಡತದ ಹೆಸರು, ಬೇಕಾದರೆ ಅಗಲ. ಚಾಲಕ ಯಾವುದೆಂದು ಪ್ಯಾಕೇಜೇ ನೋಡಿಕೊಳ್ಳುತ್ತದೆ. ಇಂದಿಗೂ ನಾವು ಬಳಸುತ್ತಿರುವುದು ಇದೇ ಆಜ್ಞೆಯನ್ನು. ಇದಾದ ಎಂಟು ವರ್ಷಕ್ಕೆ, 2002ರ ಸೆಪ್ಟೆಂಬರಿನಲ್ಲಿ, ಟೆಕ್ ಬಳಕೆದಾರರ ಅಂತರರಾಷ್ಟ್ರೀಯ ಸಂಘದ ವಾರ್ಷಿಕ ಸಮ್ಮೇಳನ ನಮ್ಮ ನೆರೆಯ ತಿರುವನಂತಪುರದಲ್ಲಿ ನಡೆಯಿತು.

ಚಿತ್ರ ಬರೆಯುವ ಭಾಷೆಗಳೂ ಬೆಳೆದವು. ಬೆಲ್ ಪ್ರಯೋಗಾಲಯದ ಜಾನ್ ಹಾಬಿ, ಅಕ್ಷರಗಳ ಆಕಾರ ರೂಪಿಸಲು ಕನೂತ್ ಮಾಡಿದ್ದ ಮೆಟಾಫಾಂಟ್ ಭಾಷೆಯನ್ನು ಚಿತ್ರಗಳಿಗೆ ಹೊಂದಿಸಿ ಮೆಟಾಪೋಸ್ಟ್ ಮಾಡಿದರು. ಇದರ ವಿಶೇಷವೆಂದರೆ ಇದು ಸರಳ ಸಮೀಕರಣಗಳನ್ನು ತಾನೇ ಬಿಡಿಸುತ್ತದೆ. 'ಈ ಬಿಂದು ಈ ಎರಡು ಗೆರೆಗಳ ಮೇಲೂ ಇದೆ' ಎಂದು ಹೇಳಿದರೆ ಸಾಕು, ಅವು ಕೂಡುವ ಸ್ಥಾನವನ್ನು ಅದೇ ಕಂಡುಹಿಡಿಯುತ್ತದೆ. ಮಸೂರದ ಕಿರಣಚಿತ್ರ ಬಿಡಿಸುವವರಿಗೆ ಇದರ ಬೆಲೆ ಗೊತ್ತಾಗುತ್ತದೆ. ಬಿಂಬ ಎಲ್ಲಿ ಬೀಳುತ್ತದೆಂದು ನಾವು ಊಹಿಸಬೇಕಿಲ್ಲ. ಎರಡು ಕಿರಣ ಎಳೆದರೆ ಬಿಂಬ ತಾನೇ ಸಿಗುತ್ತದೆ. ಇನ್ನೊಂದು ಗುಣವೆಂದರೆ ಲೇಬಲ್‌ಗಳನ್ನು ಅದು ಟೆಕ್‌ನಿಂದಲೇ ಜೋಡಿಸುತ್ತದೆ. ಹೀಗಾಗಿ ಚಿತ್ರದೊಳಗಿನ ಅಕ್ಷರವೂ ಪಠ್ಯದ ಅಕ್ಷರವೂ ಒಂದೇ ಆಗಿರುತ್ತವೆ.

ಮುಂದೆ ಹಾನ್ ದ ಥಾನ್ ಎಂಬ ವಿಯೆಟ್ನಾಂ ಮೂಲದ ಸಂಶೋಧಕರು ಚೆಕ್ ದೇಶದ ಬರ್ನೊ ನಗರದಲ್ಲಿ ಪಿಡಿಎಫ್‌ಟೆಕ್ ರೂಪಿಸಿದರು. ನಡುವಿನ ಹಂತಗಳಿಲ್ಲದೆ ನೇರವಾಗಿ ಪಿಡಿಎಫ್ ದೊರೆಯತೊಡಗಿತು. 2004ರಲ್ಲಿ ಅಸಿಂಪ್ಟೋಟ್, ಅದರ ಮರುವರ್ಷ ಜರ್ಮನಿಯ ಟಿಲ್ ಟಾಂಟೌ ಅವರ ಟಿಕ್‌ಜಡ್ ಬಂದವು. ಇವೆಲ್ಲವೂ ಉಚಿತ, ಮುಕ್ತ ತಂತ್ರಾಂಶಗಳು.

ಕೂಡಿಸುವ ಮೂರು ದಾರಿಗಳು

ಈಗ ಒಂದು ಉದಾಹರಣೆ ತೆಗೆದುಕೊಳ್ಳೋಣ. ರಾಯಚೂರಿನಿಂದ ಮಾನ್ವಿಗೆ ಹೋಗುವ ದಾರಿಯಲ್ಲಿ ಕಲ್ಮಲ ಸಿಗುತ್ತದೆ. ಅಲ್ಲಿನ ವಿಜ್ಞಾನ ಶಿಕ್ಷಕರೊಬ್ಬರು ಹತ್ತನೇ ತರಗತಿಗೆ ಬೆಳಕಿನ ಪಾಠದ ಟಿಪ್ಪಣಿ ತಯಾರಿಸುತ್ತಿದ್ದಾರೆ ಎಂದಿಟ್ಟುಕೊಳ್ಳಿ. ಹತ್ತು ಕಿರಣಚಿತ್ರಗಳಿವೆ. ಅವೇ ಚಿತ್ರಗಳು ಪ್ರಶ್ನೆಪತ್ರಿಕೆಗೂ ಬೇಕು. ಮಾನ್ವಿಯ, ದೇವದುರ್ಗದ ಸ್ನೇಹಿತರಿಗೂ ಕಳಿಸಬೇಕು. ಅವರ ಮುಂದೆ ಮೂರು ದಾರಿಗಳಿವೆ.

ಮೊದಲನೆಯದು, ಚಿತ್ರದ ಕ್ರಮವಿಧಿಯನ್ನು ಟಿಪ್ಪಣಿಯ ಕಡತದೊಳಗೇ ಬರೆಯುವುದು. ಒಂದೆರಡು ಚಿತ್ರಗಳಿಗೆ ಇದು ಸರಿ. ಹತ್ತಾದರೆ ಪಾಠ ಎಲ್ಲಿದೆ ಎಂದು ಹುಡುಕಬೇಕಾಗುತ್ತದೆ. ಪ್ರಶ್ನೆಪತ್ರಿಕೆಗೆ ನಕಲು ಮಾಡಿದರೆ ಒಂದೇ ಚಿತ್ರದ ಎರಡು ಪ್ರತಿಗಳಾಗುತ್ತವೆ. ಒಂದರಲ್ಲಿ ತಿದ್ದಿದ ದೋಷ ಇನ್ನೊಂದರಲ್ಲಿ ಹಾಗೆಯೇ ಉಳಿಯುತ್ತದೆ.

ಎರಡನೆಯದು, ಪ್ರತಿ ಚಿತ್ರದ ಕ್ರಮವಿಧಿಯನ್ನು ಬೇರೆ ಬೇರೆ ಕಡತದಲ್ಲಿಟ್ಟು 'ಇನ್‌ಪುಟ್' ಆಜ್ಞೆಯಿಂದ ಕರೆಯುವುದು. ಆಗ ಲೇಟೆಕ್ ಆ ಕಡತವನ್ನು ತನ್ನದೇ ಬರಹವೆಂಬಂತೆ ಓದುತ್ತದೆ. ಪಠ್ಯದ ಅಕ್ಷರಶೈಲಿ, ಗಾತ್ರ ಎಲ್ಲವೂ ಚಿತ್ರಕ್ಕೂ ಬರುತ್ತವೆ. ಆದರೆ ಪ್ರತಿ ಸಲ ಟಿಪ್ಪಣಿ ಸಿದ್ಧಪಡಿಸುವಾಗ ಹತ್ತೂ ಚಿತ್ರಗಳನ್ನು ಹೊಸದಾಗಿ ಬಿಡಿಸುವುದರಿಂದ ಸಮಯ ಹಿಡಿಯುತ್ತದೆ. ಒಂದು ಚಿತ್ರದಲ್ಲಿ ಆವರಣ ಚಿಹ್ನೆ ಬಿಟ್ಟುಹೋದರೆ ಇಡೀ ಟಿಪ್ಪಣಿ ನಿಲ್ಲುತ್ತದೆ.

ಮೂರನೆಯದು, ಪ್ರತಿ ಚಿತ್ರವನ್ನು ಸ್ವತಂತ್ರವಾಗಿ ಪಿಡಿಎಫ್ ಮಾಡಿಕೊಂಡು 'ಇನ್‌ಕ್ಲೂಡ್‌ಗ್ರಾಫಿಕ್ಸ್'ನಿಂದ ಕೂರಿಸುವುದು. ಇದು ಹಳೆಯ ಬ್ಲಾಕಿನ ದಾರಿ. ಚಿತ್ರ ಒಮ್ಮೆ ಸಿದ್ಧವಾದರೆ ಮತ್ತೆ ಬಿಡಿಸಬೇಕಿಲ್ಲ. ಬ್ಲಾಕಿಗೂ ಇದಕ್ಕೂ ಇರುವ ವ್ಯತ್ಯಾಸವೆಂದರೆ ಇಲ್ಲಿ ಅದರ ಮೂಲ ಬರಹ ನಮ್ಮ ಬಳಿ ಇರುತ್ತದೆ. ಬೇಕೆಂದಾಗ ತಿದ್ದಿ ಹೊಸ ಬ್ಲಾಕು ಮಾಡಿಕೊಳ್ಳಬಹುದು, ಖರ್ಚಿಲ್ಲದೆ. ಮಾರ್ಟಿನ್ ಷಾರರ್ ಅವರ 'ಸ್ಟ್ಯಾಂಡ್‌ಅಲೋನ್' ಎಂಬ ಪ್ಯಾಕೇಜು ಎರಡನೆಯ ಮತ್ತು ಮೂರನೆಯ ದಾರಿಗಳನ್ನು ಒಂದುಗೂಡಿಸುತ್ತದೆ. ಒಂದೇ ಕಡತ ತಾನೊಂದೇ ಪಿಡಿಎಫ್ ಆಗಬಲ್ಲದು, ದೊಡ್ಡ ಪಠ್ಯದೊಳಗೂ ಸೇರಬಲ್ಲದು.

ಕನ್ನಡದ ಲೇಬಲ್

ಮೂರನೆಯ ದಾರಿಯಲ್ಲಿ ಕನ್ನಡಿಗರು ವಿಶೇಷವಾಗಿ ಗಮನಿಸಬೇಕಾದ ಒಂದು ಅಂಶವಿದೆ. ಸಿದ್ಧವಾದ ಪಿಡಿಎಫ್ ಚಿತ್ರದ ಅಗಲವನ್ನು ಅರ್ಧಕ್ಕೆ ಇಳಿಸಿದರೆ ಅದರೊಳಗಿನ ಅಕ್ಷರವೂ ಅರ್ಧಕ್ಕಿಳಿಯುತ್ತದೆ. 10 ಪಾಯಿಂಟಿನ ಅಕ್ಷರ 5 ಪಾಯಿಂಟಾಗುತ್ತದೆ. ಇಂಗ್ಲಿಷಿನ ದೊಡ್ಡಕ್ಷರಗಳನ್ನು ಹೇಗೋ ಓದಬಹುದು. ಆದರೆ 'ವಕ್ರೀಭವನ', 'ದ್ಯುತಿಸಂಶ್ಲೇಷಣೆ' ಎಂಬ ಪದಗಳ ಒತ್ತಕ್ಷರಗಳು ಆ ಗಾತ್ರದಲ್ಲಿ, ಅದೂ ಜೆರಾಕ್ಸ್ ಪ್ರತಿಯಲ್ಲಿ, ಮಸಿಯ ಚುಕ್ಕೆಗಳಾಗುತ್ತವೆ. ಆದ್ದರಿಂದ ಚಿತ್ರವನ್ನು ಪುಟದಲ್ಲಿ ಕೂರಬೇಕಾದ ಅಳತೆಯಲ್ಲೇ ಬಿಡಿಸಿ. ಚಿಕ್ಕದು ಮಾಡಬೇಕಾದರೆ ಕ್ರಮವಿಧಿಯಲ್ಲಿ ಗೆರೆಗಳ ಅಳತೆಯನ್ನು ಕುಗ್ಗಿಸಿ, ಅಕ್ಷರದ ಗಾತ್ರವನ್ನು ಹಾಗೆಯೇ ಬಿಡಿ.

ಕನ್ನಡ ಲೇಬಲ್‌ಗಳ ಕಥೆಯೇ ಬೇರೆ. 1998ರಲ್ಲಿ ಬಂದ ಬರಹ, ಅದರ ಬೆನ್ನಿಗೇ ಬಂದ ನುಡಿ ತಂತ್ರಾಂಶಗಳು ಗಣಕದಲ್ಲಿ ಕನ್ನಡ ಬರೆಯುವುದನ್ನು ಸಾವಿರಾರು ಜನರಿಗೆ ಸುಲಭ ಮಾಡಿದವು. ಆದರೆ ಆ ಕಾಲದ ಫಾಂಟುಗಳಲ್ಲಿ ಕನ್ನಡದ ತುಣುಕುಗಳನ್ನು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕೂರಿಸಿದ್ದರು. ಆ ಫಾಂಟು ಇಲ್ಲದ ಗಣಕದಲ್ಲಿ ಚಿತ್ರ ತೆರೆದರೆ ಲೇಬಲ್‌ಗಳ ಜಾಗದಲ್ಲಿ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತಿದ್ದವು. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಸ್ಥಾನ ಸಿಕ್ಕಿದ್ದರೂ ಟೆಕ್ ಅದನ್ನು ನೇರವಾಗಿ ಓದುವಂತಾದದ್ದು ಜೊನಾಥನ್ ಕ್ಯೂ 2004ರಲ್ಲಿ ಹೊರತಂದ ಜೀಟೆಕ್‌ನಿಂದ. ಒತ್ತಕ್ಷರ, ಗುಣಿತಾಕ್ಷರಗಳ ಜೋಡಣೆಯನ್ನು ಅದು ಫಾಂಟಿನೊಳಗಿನ ನಿಯಮಗಳಿಂದಲೇ ತಿಳಿದುಕೊಳ್ಳುತ್ತದೆ. 2020ರಿಂದ ಲುವಾಟೆಕ್ ಬಳಗದಲ್ಲೂ ಈ ಸೌಲಭ್ಯ ಸುಲಭವಾಗಿ ಸಿಗುತ್ತಿದೆ.

ಇಲ್ಲಿ ಒಂದು ಎಚ್ಚರ ಬೇಕು. ಹೊರಗಿನ ಚಿತ್ರವನ್ನು ಯಾವ ಯಂತ್ರದಿಂದ ಸಿದ್ಧಪಡಿಸುತ್ತೇವೋ ಅದರ ಲೇಬಲ್‌ಗಳನ್ನು ಜೋಡಿಸುವುದೂ ಅದೇ. ಪಠ್ಯವನ್ನು ಜೀಲೇಟೆಕ್‌ನಲ್ಲಿ ಜೋಡಿಸಿ ಚಿತ್ರವನ್ನು ಮಾತ್ರ ಹಳೆಯ ವಿಧಾನದಲ್ಲಿ ಮಾಡಿದರೆ ಪಠ್ಯದಲ್ಲಿ ಸರಿಯಾಗಿರುವ ಪದ ಚಿತ್ರದಲ್ಲಿ ಮುರಿದುಬೀಳುತ್ತದೆ. ಎರಡನ್ನೂ ಒಂದೇ ಯಂತ್ರದಿಂದ, ಒಂದೇ ಫಾಂಟಿನಿಂದ ಸಿದ್ಧಪಡಿಸಿದರೆ ಈ ತೊಂದರೆಯಿಲ್ಲ.

ಇಷ್ಟೆಲ್ಲ ಏಕೆ?

ಮೊಬೈಲಿನಲ್ಲಿ ಫೋಟೊ ತೆಗೆದು ಅಂಟಿಸಿದರೆ ಆಗದೇ ಎಂದು ನೀವು ಕೇಳಬಹುದು. ಆಗುತ್ತದೆ. ಆದರೆ ಒಂದು ಚಿತ್ರವನ್ನು ಯೋಚಿಸಿ ನೋಡಿ. ಸೂರ್ಯನ ಸುತ್ತ ಭೂಮಿಯ ಕಕ್ಷೆ. ಎಷ್ಟೋ ಪುಸ್ತಕಗಳಲ್ಲಿ, ಗೋಡೆಯ ಪಟಗಳಲ್ಲಿ ಅದು ಮೊಟ್ಟೆಯಂತೆ ಉದ್ದವಾಗಿರುತ್ತದೆ. ಅದನ್ನು ನೋಡಿದ ಮಗು ಏನು ತಿಳಿದುಕೊಳ್ಳುತ್ತದೆ? ಭೂಮಿ ಸೂರ್ಯನ ಹತ್ತಿರ ಬಂದಾಗ ಬೇಸಿಗೆ, ದೂರ ಹೋದಾಗ ಚಳಿಗಾಲ ಎಂದು. ಪಠ್ಯ 'ಭೂಮಿಯ ಅಕ್ಷದ ಓರೆಯೇ ಕಾರಣ' ಎಂದು ಎಷ್ಟು ಸಲ ಹೇಳಿದರೂ ಮನಸ್ಸಿನಲ್ಲಿ ಉಳಿಯುವುದು ಚಿತ್ರವೇ.

ನಿಜವಾದ ಕಕ್ಷೆಯ ಉತ್ಕೇಂದ್ರತೆ 0.0167. ಅಂಥ ದೀರ್ಘವೃತ್ತದ ದೀರ್ಘಾಕ್ಷವನ್ನು 10 ಸೆಂಟಿಮೀಟರ್ ಎಳೆದರೆ ಹ್ರಸ್ವಾಕ್ಷ ಅದಕ್ಕಿಂತ ಕಡಿಮೆಯಾಗುವುದು ಕೇವಲ 0.014 ಮಿಲಿಮೀಟರ್. ಪೆನ್ಸಿಲಿನ ಗೆರೆಯ ದಪ್ಪಕ್ಕಿಂತ ಎಷ್ಟೋ ಕಡಿಮೆ! ಸೂರ್ಯ ಕೇಂದ್ರದಿಂದ ಸುಮಾರು 0.8 ಮಿಲಿಮೀಟರ್ ಸರಿದಿರುತ್ತಾನೆ, ಅಷ್ಟೇ. ಭೂಮಿ ಸೂರ್ಯನಿಗೆ ತೀರ ಹತ್ತಿರ ಇರುವುದು ಜನವರಿ ಮೊದಲ ವಾರದಲ್ಲಿ, ನಮ್ಮ ರಾಯಚೂರಿನವರಿಗೂ ಸ್ವಲ್ಪ ಚಳಿಯಾಗುವ ಕಾಲದಲ್ಲಿ.

ಫೋಟೊ ತೆಗೆದು ಅಂಟಿಸಿದ ಚಿತ್ರದಲ್ಲಿ ಈ ದೋಷವನ್ನು ತಿದ್ದಲಾಗದು. ಅದು ಜೆರಾಕ್ಸಿನಿಂದ ಜೆರಾಕ್ಸಿಗೆ, ಪುಸ್ತಕದಿಂದ ಪುಸ್ತಕಕ್ಕೆ ನಡೆದುಬರುತ್ತದೆ. ಕ್ರಮವಿಧಿಯಲ್ಲಿ ಬರೆದ ಚಿತ್ರದಲ್ಲಾದರೆ ಉತ್ಕೇಂದ್ರತೆ ಎಂಬುದು ಒಂದು ಸಂಖ್ಯೆ. ಅದನ್ನು 0.0167 ಎಂದು ಬರೆದರೆ ಮುಗಿಯಿತು. ಆ ಕಡತವನ್ನು ಕರೆಯುವ ಟಿಪ್ಪಣಿ, ಪ್ರಶ್ನೆಪತ್ರಿಕೆ, ಪುಸ್ತಕ ಎಲ್ಲದರಲ್ಲೂ ಮುಂದಿನ ಸಲ ಸಿದ್ಧಪಡಿಸುವಾಗ ಕಕ್ಷೆ ಸರಿಯಾಗುತ್ತದೆ. ಇನ್ನೂ ಒಂದು ಲಾಭವಿದೆ. ವಿದ್ಯಾರ್ಥಿಯೊಬ್ಬಳು ಆ ಕಡತವನ್ನು ತೆರೆದು 'ಸರ್, ಈ ಸಂಖ್ಯೆ ಎಲ್ಲಿಂದ ಬಂತು?' ಎಂದು ಕೇಳಬಹುದು. ಫೋಟೊಗೆ ಆ ಪ್ರಶ್ನೆ ಕೇಳಲಾಗುವುದಿಲ್ಲ.

ಬರಹವನ್ನು ಪರಿಶೀಲಿಸುವ, ತಿದ್ದುವ ಅಭ್ಯಾಸ ನಮಗೆ ಶಾಲೆಯಿಂದಲೇ ಇದೆ. ಚಿತ್ರವನ್ನು ಹಾಗೆ ತಿದ್ದುವ ಅವಕಾಶ ಕಲ್ಲಚ್ಚಿನಲ್ಲಿ ಇರಲಿಲ್ಲ, ಬ್ಲಾಕಿನಲ್ಲಿ ದುಬಾರಿಯಾಗಿತ್ತು. ಈಗ ಅದು ಪ್ರತಿ ಶಿಕ್ಷಕರ ಕೈಗೆ ಬಂದಿದೆ.

ಆರಂಭಿಸುವವರಿಗೆ ನನ್ನ ಸಲಹೆ ಇಷ್ಟು. ಟೆಕ್ ಲೈವ್ ಎಂಬ ಉಚಿತ ಸಂಗ್ರಹದಲ್ಲಿ ಜೀಲೇಟೆಕ್, ಮೆಟಾಪೋಸ್ಟ್, ಟಿಕ್‌ಜಡ್, ಅಸಿಂಪ್ಟೋಟ್ ಎಲ್ಲವೂ ಒಟ್ಟಿಗೆ ಸಿಗುತ್ತವೆ. ಮೊದಲು ಒಂದೇ ಚಿತ್ರ ತೆಗೆದುಕೊಳ್ಳಿ, ಪೀನ ಮಸೂರದ ಕಿರಣಚಿತ್ರವಾದರೆ ಒಳ್ಳೆಯದು. ಅದಕ್ಕೊಂದು ಪ್ರತ್ಯೇಕ ಕಡತ ಮಾಡಿ. ಕಡತದ ಹೆಸರು ಸಂಖ್ಯೆಯಾಗಿರದೆ ಚಿತ್ರ ಏನೆಂದು ಹೇಳುವಂತಿರಲಿ. ಸಂಗಮ ದೂರವನ್ನೂ ವಸ್ತುವಿನ ದೂರವನ್ನೂ ಕಡತದ ಮೊದಲ ಸಾಲುಗಳಲ್ಲಿ ಬರೆದು, ಉಳಿದದ್ದೆಲ್ಲ ಅವುಗಳಿಂದ ಲೆಕ್ಕವಾಗುವಂತೆ ಮಾಡಿ. ಲೇಬಲ್‌ಗಳನ್ನು ಕನ್ನಡದಲ್ಲೇ ಬರೆಯಿರಿ. ಪಿಡಿಎಫ್‌ನೊಂದಿಗೆ ಮೂಲ ಕಡತವನ್ನೂ ಸ್ನೇಹಿತರಿಗೆ ಕಳಿಸಿ. ನಂತರ ವಿದ್ಯಾರ್ಥಿಗಳಿಂದ ವಸ್ತುವಿನ ದೂರವನ್ನು ಬದಲಿಸಿ ನೋಡಲು ಹೇಳಿ. ವಸ್ತು ಸಂಗಮಬಿಂದುವಿಗಿಂತ ಒಳಗೆ ಬಂದಾಗ ಬಿಂಬ ಮಸೂರದ ಇನ್ನೊಂದು ಬದಿಗೆ ಹಾರುವುದನ್ನು ಅವರೇ ಕಂಡುಕೊಳ್ಳಲಿ.